ಒಂದು ದಿನದ ಹವ್ಯಾಸಿ ಗಾಲ್ಫ್ ಪಂದ್ಯಾವಳಿ: ಕ್ರಮ ಮತ್ತು ನಿಯಮಗಳು



ಲೋಂಡಾ ಸುತ್ತಿನ ನಮ್ಮ ಜನರ ಕಿವಿಗೆ ಗಾಲ್ಫ್ ಎಂಬ ಮಾತು ಬಿದ್ದದ್ದು ಬಹುಮಟ್ಟಿಗೆ ಒಂದು ಚಿರತೆಯ ದೆಸೆಯಿಂದ. 2022ರ ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಪೊದೆಗಳಲ್ಲಿ ಚಿರತೆಯೊಂದು ಸೇರಿಕೊಂಡು, ಸುತ್ತಲಿನ ಶಾಲೆಗಳಿಗೆ ದಿನಗಟ್ಟಲೆ ರಜೆ ಕೊಡಬೇಕಾಯಿತು. ಹುಡುಕಲು ಶಿವಮೊಗ್ಗದ ಸಕ್ರೆಬೈಲು ಬಿಡಾರದಿಂದ ಆನೆಗಳನ್ನು ಸಹ ತರಿಸಿದ್ದರು. ಅಷ್ಟು ದೊಡ್ಡ ಬಯಲನ್ನು ಒಂದು ಸಣ್ಣ ಚೆಂಡಿಗಾಗಿ ಏಕೆ ಬಿಟ್ಟಿದ್ದಾರೆ ಎಂದು ಆಗ ಸಂಘದ ಕಟ್ಟೆಯ ಮೇಲೆ ಕೇಳಿದವರು ಬಹಳ ಮಂದಿ.

ಈಗ ಆ ವಿಷಯ ಬರೆಯಲು ಬೇರೆ ಕಾರಣವಿದೆ. ಕೊಡಗು, ಚಿಕ್ಕಮಗಳೂರು ಕಡೆಯ ಕಾಫಿ ಬೆಳೆಗಾರರಲ್ಲಿ ಈ ಆಟದ ರೂಢಿ ಹಳೆಯದು. ವಿರಾಜಪೇಟೆ ಬಳಿಯ ಬಿಟ್ಟಂಗಾಲದಲ್ಲೂ ಚಿಕ್ಕಮಗಳೂರಿನಲ್ಲೂ ಮೈದಾನಗಳಿವೆ. ಆ ಕಡೆಯ ಮಿತ್ರರು ಬೆಳೆಗಾರರ ಸ್ನೇಹಕೂಟದ ಜೊತೆಗೆ ಒಂದು ದಿನದ ಪಂದ್ಯಾವಳಿ ಇಟ್ಟುಕೊಂಡು ನಮ್ಮನ್ನೂ ಕರೆಯುವುದುಂಟು. ಹಿಂದೆ ಇಂತಹ ಒಂದು ಕೂಟಕ್ಕೆ ನಮ್ಮ ಕಡೆಯಿಂದ ನಾಲ್ವರು ಸಣ್ಣ ಹಿಡುವಳಿದಾರರು ಹೋಗಿದ್ದರು. ಅಲ್ಲಿ ಯಾವ ರಿಯಾಯಿತಿಯೂ ಇಲ್ಲದೆ ಒಟ್ಟು ಹೊಡೆತ ಎಣಿಸುವ ಪದ್ಧತಿ ಇಟ್ಟಿದ್ದರಿಂದ, ಇಪ್ಪತ್ತು ವರ್ಷ ಆಡಿದವರ ಎದುರು ಮೊನ್ನೆ ಕೋಲು ಹಿಡಿದವರು ಮಧ್ಯಾಹ್ನದ ಹೊತ್ತಿಗೆ ನೋಡುವವರ ಸಾಲಿಗೆ ಬಂದು ಕುಳಿತರು. ಮರು ವರ್ಷ ಅವರಲ್ಲಿ ಒಬ್ಬರೂ ಹೋಗಲಿಲ್ಲ. ಆಟ ಹೋದರೆ ಹೋಗಲಿ ಎನ್ನಬಹುದು. ಆದರೆ ಕಾಫಿ ಕೊಳ್ಳುವವರ ಮಾತು, ಆಳಿನ ಮಾತು, ಹೊಸ ತಳಿಯ ಮಾತು ನಡೆಯುವುದು ಆ ನಾಲ್ಕೈದು ತಾಸು ಜೊತೆಯಾಗಿ ನಡೆಯುವಾಗಲೇ. ಎರಡೆಕರೆಯವನು ಇನ್ನೂರು ಎಕರೆಯವರ ಜೊತೆ ಸಮನಾಗಿ ನಡೆಯುವ ಅವಕಾಶ ನಮಗೆ ಬೇರೆಲ್ಲಿದೆ? ಆದ್ದರಿಂದ ಕರೆಗೆ ಒಪ್ಪುವ ಮೊದಲು ಆ ದಿನದ ಪದ್ಧತಿ ಯಾವುದೆಂದು ಕೇಳಿ ತಿಳಿಯುವಷ್ಟು ಜ್ಞಾನ ನಮ್ಮ ಸದಸ್ಯರಿಗೆ ಇರಬೇಕೆಂಬುದು ಈ ಲೇಖನದ ಉದ್ದೇಶ.

ಆಟದ ಸ್ವರೂಪ ಸರಳವಾದದ್ದು. ಟೀ ಎಂಬ ಜಾಗದಿಂದ ಚೆಂಡನ್ನು ಹೊಡೆದು, ಬಿದ್ದಲ್ಲಿಂದ ಮತ್ತೆ ಹೊಡೆದು, ಗ್ರೀನ್ ಎಂಬ ನುಣುಪು ಹುಲ್ಲಿನ ಜಾಗದಲ್ಲಿರುವ ಕುಳಿಗೆ ಬೀಳಿಸಬೇಕು. ಇಂತಹ ಕುಳಿಗಳು 18. ಒಂಬತ್ತೇ ಇದ್ದ ಕಡೆ ಎರಡು ಸುತ್ತು. ನುರಿತವನು ಎಷ್ಟು ಹೊಡೆತದಲ್ಲಿ ಕುಳಿ ಮುಗಿಸಬೇಕೆಂಬ ಲೆಕ್ಕಕ್ಕೆ ಪಾರ್ ಎನ್ನುತ್ತಾರೆ. ಅದು 3, 4 ಅಥವಾ 5 ಇರುತ್ತದೆ. ಹದಿನೆಂಟಕ್ಕೂ ಕೂಡಿಸಿದರೆ ಸಾಮಾನ್ಯವಾಗಿ 72. ಪಾರಿಗಿಂತ ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ.

ಎಣಿಕೆಯ ಮುಖ್ಯ ಪದ್ಧತಿಗಳು ಎರಡು. ಮ್ಯಾಚ್ ಪ್ಲೇ ಎಂದರೆ ಇಬ್ಬರ ನಡುವಿನ ಪಂದ್ಯ. ಕುಳಿಗೊಂದು ಗೆಲುವು, ಹೆಚ್ಚು ಕುಳಿ ಗೆದ್ದವನು ಮುಂದಿನ ಸುತ್ತಿಗೆ. ಒಂದೇ ದಿನದ ಕೂಟಕ್ಕೆ ಇದು ಒಗ್ಗದು. ಸ್ಟ್ರೋಕ್ ಪ್ಲೇ ಎಂದರೆ ಎಲ್ಲ ಹೊಡೆತಗಳ ಮೊತ್ತ, ಕಡಿಮೆಯಾದವನೇ ವಿಜಯಿ. ಇದರಲ್ಲಿ ಪ್ರತಿ ಕುಳಿಯನ್ನೂ ಮುಗಿಸಲೇಬೇಕು. ಹನ್ನೆರಡು ಹೊಡೆತವಾದರೂ ಚೆಂಡು ಎತ್ತಿಕೊಂಡು ಮುಂದೆ ಹೋಗುವಂತಿಲ್ಲ, ಹೋದರೆ ಅನರ್ಹ. ನಮ್ಮವರು ಸಿಕ್ಕಿಬಿದ್ದದ್ದು ಇಲ್ಲಿಯೇ.

ಇದಕ್ಕೆ ಪರಿಹಾರ ಕಂಡವರು ಇಂಗ್ಲೆಂಡಿನ ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬವರು. 1932ರಲ್ಲಿ ವಾಲಸಿ ಎಂಬಲ್ಲಿ ಅವರ ಪದ್ಧತಿಯ ಸ್ಪರ್ಧೆ ನಡೆಯಿತು. ಪಾರಿನಲ್ಲಿ ಮುಗಿಸಿದರೆ 2 ಅಂಕ, ಒಂದು ಹೆಚ್ಚಾದರೆ 1, ಎರಡು ಅಥವಾ ಅದಕ್ಕೂ ಹೆಚ್ಚಾದರೆ ಸೊನ್ನೆ. ಬರ್ಡಿಗೆ 3, ಪಾರಿಗಿಂತ ಎರಡು ಕಡಿಮೆಯಾದರೆ 4. ಅಂಕ ಹೆಚ್ಚು ಬಂದವರು ಗೆದ್ದಂತೆ. ಒಂದು ಕುಳಿ ಕೆಟ್ಟರೆ ಆ ಕುಳಿಯ ಅಂಕ ಮಾತ್ರ ಹೋಗುತ್ತದೆ; ಚೆಂಡು ಎತ್ತಿಕೊಂಡು ಮುಂದಿನ ಟೀಗೆ ನಡೆಯಬಹುದು. ಹಿಂದೆ ಬರುವ ತಂಡ ಕಾಯುತ್ತ ನಿಲ್ಲುವುದೂ ತಪ್ಪುತ್ತದೆ.

ಅಂಕ ಎಣಿಸುವ ಮೊದಲು ಹ್ಯಾಂಡಿಕ್ಯಾಪ್ ಎಂಬ ರಿಯಾಯಿತಿ ಹೊಡೆತಗಳನ್ನು ಕಳೆಯುತ್ತಾರೆ. ಇಡೀ ಆಟದ ಜೀವ ಇದರಲ್ಲಿದೆ ಎಂದು ನಾವು ತಿಳಿದಿದ್ದೇವೆ. 2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಒಬ್ಬನ ಇತ್ತೀಚಿನ 20 ಸುತ್ತುಗಳ ಪೈಕಿ ಉತ್ತಮವಾದ 8ರ ಸರಾಸರಿ ಹಿಡಿಯುತ್ತಾರೆ; ಮೈದಾನ ಎಷ್ಟು ಕಠಿಣ ಎಂಬುದನ್ನೂ ಲೆಕ್ಕಕ್ಕೆ ತರುತ್ತಾರೆ. ಎಲ್ಲ ಇಪ್ಪತ್ತರ ಸರಾಸರಿ ಏಕಲ್ಲವೆಂದರೆ, ಮನುಷ್ಯನ ಶಕ್ತಿ ಎಷ್ಟೆಂದು ತಿಳಿಯಬೇಕೇ ಹೊರತು ಅವನ ಕೆಟ್ಟ ದಿನಗಳನ್ನಲ್ಲ. ಅತಿ ಹೆಚ್ಚಿನ ಮಿತಿ 54. ಹೊಸಬನು ಒಟ್ಟು 54 ಕುಳಿಗಳಷ್ಟು ಆಡಿದ ಲೆಕ್ಕ ಒಪ್ಪಿಸಿದರೆ ಹ್ಯಾಂಡಿಕ್ಯಾಪ್ ದೊರೆಯುತ್ತದೆ.

ಒಂದು ಉದಾಹರಣೆ ನೋಡೋಣ. ಕುಳಿಗಳಿಗೆ ಕಷ್ಟದ ಕ್ರಮದಲ್ಲಿ 1ರಿಂದ 18ರವರೆಗೆ ಅಂಕೆ ಕೊಟ್ಟಿರುತ್ತಾರೆ. ನಮ್ಮ ಸದಸ್ಯರೊಬ್ಬರ ಹ್ಯಾಂಡಿಕ್ಯಾಪ್ 24 ಎನ್ನಿ. ಎಲ್ಲ ಕುಳಿಗೂ ಒಂದೊಂದು ಹೊಡೆತ ಮಾಫಿ, ಉಳಿದ ಆರು ಅತಿ ಕಷ್ಟದ ಆರು ಕುಳಿಗಳಿಗೆ. ಕಷ್ಟದಲ್ಲಿ ಐದನೆಯದಾದ, ಪಾರ್ 4ರ ಕುಳಿಯನ್ನು ಅವರು 6 ಹೊಡೆತದಲ್ಲಿ ಮುಗಿಸಿದರು. ಎರಡು ಕಳೆದರೆ 4, ಅಂಕ 2. ಜೊತೆಗಿದ್ದ ದೊಡ್ಡ ಪ್ಲಾಂಟರರ ಹ್ಯಾಂಡಿಕ್ಯಾಪ್ 4. ಅವರಿಗೆ ಈ ಕುಳಿಯಲ್ಲಿ ಮಾಫಿ ಇಲ್ಲ. 5 ಹೊಡೆದರು, ಅಂಕ 1. ಹೀಗೆ ಕುಳಿಗೆ ಎರಡರಂತೆ 36 ಅಂಕ ಮಾಡಿದವನು ತನ್ನ ಯೋಗ್ಯತೆಗೆ ತಕ್ಕಂತೆ ಆಡಿದಂತಾಯಿತು.

ನಮ್ಮಲ್ಲಿ ಯಾರಿಗೂ ನೋಂದಾಯಿತ ಹ್ಯಾಂಡಿಕ್ಯಾಪ್ ಇಲ್ಲವಲ್ಲ ಎಂದು ಕೇಳುವಿರಿ. ಅದಕ್ಕೆ ಪಿಯೋರಿಯಾ ಎಂಬ ಒಂದು ದಿನದ ಉಪಾಯವಿದೆ. ಆಟಕ್ಕೆ ಮೊದಲೇ ಸಮಿತಿಯವರು ಆರು ಕುಳಿಗಳನ್ನು, ಮೊದಲ ಒಂಬತ್ತರಲ್ಲಿ ಪಾರ್ 3, 4, 5ರ ಒಂದೊಂದು, ಕೊನೆಯ ಒಂಬತ್ತರಲ್ಲಿ ಹಾಗೆಯೇ ಒಂದೊಂದು, ಗುಟ್ಟಾಗಿ ಆರಿಸಿ ಲಕೋಟೆಯಲ್ಲಿ ಮುಚ್ಚಿಡುತ್ತಾರೆ. ಅಡಿಕೆ ಟೆಂಡರಿನ ಚೀಟಿಯಂತೆಯೇ ಎನ್ನಿ. ಎಲ್ಲರೂ ಆಡಿ ಮುಗಿಸಿದ ಮೇಲೆ ಒಡೆಯುವುದು. ಆ ಆರು ಕುಳಿಗಳ ಹೊಡೆತವನ್ನು ಮೂರರಿಂದ ಗುಣಿಸಿ, ಮೈದಾನದ ಪಾರ್ ಕಳೆದು, ಉಳಿದದ್ದರ ನೂರಕ್ಕೆ 80ರಷ್ಟನ್ನು ರಿಯಾಯಿತಿಯಾಗಿ ಕೊಡುತ್ತಾರೆ.

ನಮ್ಮ ಸದಸ್ಯರ ಒಟ್ಟು ಹೊಡೆತ 112, ಗುಟ್ಟಿನ ಆರರಲ್ಲಿ 38 ಎಂದಿಟ್ಟುಕೊಳ್ಳಿ. ಮೂರು ಪಟ್ಟು 114, ಪಾರ್ 72 ಕಳೆದರೆ 42, ಅದರ ನೂರಕ್ಕೆ 80 ಎಂದರೆ 33.6, ಅಂದರೆ 34. ಕಳೆದುಳಿದದ್ದು 78. ಪ್ಲಾಂಟರರ ಒಟ್ಟು 82, ಆರರಲ್ಲಿ 27. ಮೂರು ಪಟ್ಟು 81, ಕಳೆದರೆ 9, ರಿಯಾಯಿತಿ 7, ಉಳಿದದ್ದು 75. ಈ ಲೆಕ್ಕದಲ್ಲೂ ಗೆದ್ದವರು ಪ್ಲಾಂಟರರೇ. ಆದರೆ 30 ಹೊಡೆತದ ಅಂತರ ಮೂರಕ್ಕೆ ಇಳಿಯಿತು. ಚೆನ್ನಾಗಿ ಆಡಿದವನ ಗೆಲುವನ್ನು ಕಸಿಯದೆ ಹಿಂದಿನವನನ್ನು ಹತ್ತಿರ ತರುವ ಲೆಕ್ಕವಿದು. ಇದರಲ್ಲಿ ಸ್ವಲ್ಪ ಅದೃಷ್ಟವೂ ಉಂಟು. ಗುಟ್ಟಿನ ಕುಳಿಯಲ್ಲೇ ಎಡವಿದವನಿಗೆ ಲಾಭ. ದುರುಪಯೋಗ ತಡೆಯಲು ಒಂದು ಕುಳಿಗೆ ಪಾರಿನ ಎರಡರಷ್ಟಕ್ಕಿಂತ ಹೆಚ್ಚು ಎಣಿಸುವುದಿಲ್ಲವೆಂದು ಸಮಿತಿ ಮೊದಲೇ ಸಾರಿದರೆ ಒಳ್ಳೆಯದು.

ತೀರ ಹೊಸಬರಿಗೆ ನಾವು ಸೂಚಿಸುವುದು ಸ್ಕ್ರ್ಯಾಂಬಲ್. ನಾಲ್ವರ ತಂಡ, ನಾಲ್ವರೂ ಹೊಡೆಯುತ್ತಾರೆ, ನಾಲ್ಕರಲ್ಲಿ ಉತ್ತಮವಾಗಿ ಬಿದ್ದ ಚೆಂಡಿನ ಜಾಗದಿಂದ ಮತ್ತೆ ನಾಲ್ವರೂ ಹೊಡೆಯುತ್ತಾರೆ, ಕುಳಿ ಮುಗಿಯುವ ತನಕ ಹೀಗೆಯೇ. ಹ್ಯಾಂಡಿಕ್ಯಾಪ್ ಇದ್ದವರ ತಂಡವಾದರೆ ಕಡಿಮೆಯಿಂದ ಹೆಚ್ಚಿಗೆ ಕ್ರಮವಾಗಿ ನೂರಕ್ಕೆ 25, 20, 15, 10ರಷ್ಟು ಕೂಡಿಸಿ ತಂಡದ ರಿಯಾಯಿತಿ ಮಾಡುವ ಶಿಫಾರಸಿದೆ. ಪ್ರತಿಯೊಬ್ಬನ ಟೀ ಹೊಡೆತವನ್ನು ಇಂತಿಷ್ಟು ಸಲ ಉಪಯೋಗಿಸಲೇಬೇಕು ಎಂಬ ಷರತ್ತು ಹಾಕುವ ವಾಡಿಕೆಯೂ ಇದೆ. ಈ ಷರತ್ತನ್ನು ನಮ್ಮವರು ಕೇಳಿ ಪಡೆಯಬೇಕು. ಇಲ್ಲವಾದರೆ ಒಬ್ಬ ಗಟ್ಟಿಗ ಹೊಡೆಯುವುದು, ಮೂವರು ಚೀಲ ಹೊರುವುದು ಆದೀತು. ಇನ್ನೊಂದು ಅನುಕೂಲ ಕೋಲುಗಳದ್ದು. ಒಬ್ಬನು 14 ಕೋಲುಗಳಿಗಿಂತ ಹೆಚ್ಚು ಒಯ್ಯುವಂತಿಲ್ಲ, ಬೇರೆಯವರ ಕೋಲು ಬಳಸುವಂತೆಯೂ ಇಲ್ಲ. ಆದರೆ ಜೊತೆಗಾರರು ಒಟ್ಟು 14 ಮೀರದಂತೆ ಹಂಚಿಕೊಳ್ಳಲು ನಿಯಮ ಬಿಡುತ್ತದೆ. ಸಮಿತಿ ಮೊದಲೇ ಒಪ್ಪಿದರೆ ನಾಲ್ವರಿಗೂ ಒಂದೇ ಚೀಲ ಸಾಕು.

ಇನ್ನು ಅಂಕಪಟ್ಟಿ. ಈ ಆಟದಲ್ಲಿ ಪ್ರತಿ ಗುಂಪಿನ ಹಿಂದೆ ಪಂಚರು ಇರುವುದಿಲ್ಲ. ಆರಂಭದಲ್ಲಿ ಚೀಟಿ ಅದಲುಬದಲು ಮಾಡಿಕೊಂಡು ಒಬ್ಬನ ಲೆಕ್ಕವನ್ನು ಇನ್ನೊಬ್ಬ ಬರೆಯುತ್ತಾನೆ; ಕೊನೆಗೆ ಬರೆದವನೂ ಆಡಿದವನೂ ಸಹಿ ಹಾಕಿ ಸಮಿತಿಗೆ ಒಪ್ಪಿಸುತ್ತಾರೆ. ಯಾವುದೇ ಕುಳಿಗೆ ನಿಜಕ್ಕಿಂತ ಕಡಿಮೆ ಬರೆದ ಚೀಟಿಗೆ ಸಹಿ ಹಾಕಿದರೆ ಅನರ್ಹತೆ. ತನಗೆ ಗೊತ್ತಿಲ್ಲದ ದಂಡದ ಹೊಡೆತ ಬಿಟ್ಟುಹೋಗಿದ್ದರೆ ಮಾತ್ರ ಅದನ್ನು ಕೂಡಿಸಿ ಬಿಡುತ್ತಾರೆ. ಹೆಚ್ಚು ಬರೆದಿದ್ದರೆ ಹೆಚ್ಚೇ ನಿಲ್ಲುತ್ತದೆ. 1968ರಲ್ಲಿ ಅಮೆರಿಕದ ಮಾಸ್ಟರ್ಸ್ ಪಂದ್ಯದಲ್ಲಿ ಅರ್ಜೆಂಟೀನಾದ ರಾಬರ್ಟೋ ಡಿ ವಿಸೆಂಜೊ 17ನೇ ಕುಳಿಯನ್ನು 3ರಲ್ಲಿ ಮುಗಿಸಿದ್ದರು. ಬರೆದವರು 4 ಎಂದು ಬರೆದರು, ಇವರು ನೋಡದೆ ಸಹಿ ಹಾಕಿದರು. ಸಾವಿರಾರು ಜನ ಕಣ್ಣಾರೆ ಕಂಡ 3 ಕೊನೆಗೂ ದಾಖಲೆಗೆ ಬರಲಿಲ್ಲ. ಬಾಬ್ ಗೋಲ್ಬಿಯವರ ಜೊತೆ ಸಮವಾಗಬೇಕಾಗಿದ್ದವರು ಒಂದು ಹೊಡೆತದಿಂದ ಸೋತರು. ತೂಕದ ಚೀಟಿಗೆ ನೋಡದೆ ಸಹಿ ಹಾಕುವ ನಮ್ಮ ಕೆಲವು ಸದಸ್ಯರು ಇದನ್ನು ಎರಡು ಸಲ ಓದಬೇಕು. ಮೊತ್ತ ಕೂಡಿಸುವುದು ಮಾತ್ರ ಸಮಿತಿಯ ಕೆಲಸ. 2023ರಿಂದ ಹ್ಯಾಂಡಿಕ್ಯಾಪ್ ಹೊಡೆತಗಳ ಲೆಕ್ಕವೂ ಅವರದೇ.

ಪಂಚರಿಲ್ಲದ ಆಟ ನಡೆಯುವುದು ಆಡುವವನ ಬಾಯಿಯ ಮೇಲೆ. 1925ರ ಅಮೆರಿಕದ ಓಪನ್ ಪಂದ್ಯದಲ್ಲಿ ಬಾಬಿ ಜೋನ್ಸ್ ಎಂಬ ಹವ್ಯಾಸಿ ಆಟಗಾರರು ತಮ್ಮ ಚೆಂಡು ಅಲುಗಿತೆಂದು ತಾವಾಗಿಯೇ ಹೇಳಿ ಒಂದು ದಂಡ ಹಾಕಿಸಿಕೊಂಡರು. ಬೇರಾರೂ ಅದನ್ನು ಕಂಡಿರಲಿಲ್ಲ. ಮೊತ್ತ ಸಮವಾಗಿ ಮರುಪಂದ್ಯವಾಯಿತು, ಅದರಲ್ಲಿ ಒಂದೇ ಹೊಡೆತದಿಂದ ಸೋತರು.

1744ರಲ್ಲಿ ಸ್ಕಾಟ್‌ಲೆಂಡಿನ ಲೀತ್ ಎಂಬಲ್ಲಿ ಬರೆದ ನಿಯಮಗಳು 13 ಇದ್ದವು, ಈಗ 25. ಎಲ್ಲವನ್ನೂ ಇಲ್ಲಿ ಹೇಳಲು ಸ್ಥಳವಿಲ್ಲ, ನಮ್ಮವರು ಎಡವುವ ಕೆಲವನ್ನು ಮಾತ್ರ ಹೇಳುತ್ತೇವೆ. ಚೆಂಡು ಬಿದ್ದಲ್ಲಿಂದಲೇ ಆಡಬೇಕು. ಒಣಗಿದ ಎಲೆ, ಕಡ್ಡಿ ತೆಗೆಯಬಹುದು. ಆದರೆ ಬೆಳೆಯುತ್ತಿರುವ ಟೊಂಗೆ ಮುರಿದು ದಾರಿ ಮಾಡಿಕೊಂಡರೆ ಎರಡು ಹೊಡೆತ ದಂಡ. ತೋಟದಲ್ಲಿ ನಡೆಯುತ್ತಲೇ ಚಿಗುರು ಚಿವುಟಿದ ಕೈ ನಮ್ಮದು, ಸುಮ್ಮನಿರುವುದು ಕಷ್ಟ! ಕಳೆದ ಚೆಂಡನ್ನು ಹುಡುಕಲು 3 ನಿಮಿಷ ಮಾತ್ರ. 2019ಕ್ಕೆ ಮೊದಲು 5 ಇತ್ತು. ಸಿಗದಿದ್ದರೆ, ಅಥವಾ ಬಿಳಿ ಗೂಟದ ಎಲ್ಲೆ ದಾಟಿದರೆ, ಒಂದು ದಂಡದೊಂದಿಗೆ ಹಿಂದಿನ ಜಾಗಕ್ಕೆ ಮರಳಿ ಹೊಡೆಯಬೇಕು. ಅನುಮಾನವಿದ್ದರೆ ಹೊರಡುವ ಮೊದಲೇ ಹೇಳಿ ಇನ್ನೊಂದು ಚೆಂಡು ಹೊಡೆದಿಟ್ಟುಕೊಂಡರೆ ಹಿಂದಿರುಗುವ ಶ್ರಮ ತಪ್ಪುತ್ತದೆ. ಬೇರೆಯವರ ಚೆಂಡು ಹೊಡೆದರೆ ಎರಡು ದಂಡ; ಅಡಿಕೆ ಚೀಲಕ್ಕೆ ಹಾಕುವಂತೆ ತಮ್ಮ ಚೆಂಡಿಗೆ ಒಂದು ಗುರುತು ಹಾಕಿಕೊಳ್ಳಿರಿ.

ಪ್ರಾಣಿಗಳ ಬಗ್ಗೆ ನಿಯಮ ಉದಾರವಾಗಿದೆ. ಮಂಗವೋ ಕಾಗೆಯೋ ನಿಂತ ಚೆಂಡನ್ನು ಒಯ್ದರೆ ದಂಡವಿಲ್ಲದೆ ಅದೇ ಜಾಗದಲ್ಲಿ ಬೇರೆ ಚೆಂಡು ಇಡಬಹುದು. ನಮ್ಮ ಬಾಳೆ, ಏಲಕ್ಕಿಗೂ ಈ ನ್ಯಾಯ ಸಿಕ್ಕಿದ್ದರೆ! ಚೆಂಡಿನ ಬಳಿ ವಿಷದ ಹಾವು, ಕಚ್ಚುವ ಜೇನು ಮುಂತಾದ ಅಪಾಯದ ಜೀವಿ ಇದ್ದರೆ ದಂಡವಿಲ್ಲದೆ ದೂರ ಸರಿದು ಆಡಬಹುದು. ಚಿರತೆಯ ಹೆಸರನ್ನು ನಿಯಮದಲ್ಲಿ ಬರೆದಿಲ್ಲವಾದರೂ ಅದನ್ನು ಯಾವ ಸಮಿತಿಯೂ ಪ್ರಶ್ನಿಸಲಾರದು.

ಚೀಲ ಹೊರುವ ಕ್ಯಾಡಿಯ ತಪ್ಪಿಗೆ ಆಟಗಾರನಿಗೇ ದಂಡ ಎಂಬುದು ನೆನಪಿರಲಿ. ಕ್ಯಾಡಿ ಎಂದರೆ ಕೀಳೆಂದು ತಿಳಿಯಬೇಕಾಗಿಲ್ಲ. ಬಿಡದಿ ಬಳಿಯ ಮೈದಾನದಲ್ಲಿ ಆ ಕೆಲಸದಿಂದ ಬೆಳೆದ ಎಸ್. ಚಿಕ್ಕರಂಗಪ್ಪ ಅವರು ಅಂತರರಾಷ್ಟ್ರೀಯ ಮಟ್ಟದ ವೃತ್ತಿ ಆಟಗಾರರಾದರು.

ಬಹುಮಾನದ ವಿಷಯದಲ್ಲಿ ಎಚ್ಚರ ಬೇಕು. 2022ರಿಂದ ಜಾರಿಯಲ್ಲಿರುವ ಹವ್ಯಾಸಿ ನಿಯಮದ ಪ್ರಕಾರ ರಿಯಾಯಿತಿ ಇಲ್ಲದ ಸ್ಪರ್ಧೆಯಲ್ಲಿ 700 ಪೌಂಡ್ ಅಥವಾ 1000 ಡಾಲರ್ ಮಿತಿಯೊಳಗೆ ನಗದು ಸಹ ಪಡೆಯಬಹುದು. ಹ್ಯಾಂಡಿಕ್ಯಾಪ್ ಸ್ಪರ್ಧೆಯಲ್ಲಿ ನಗದು ಕೂಡದು, ವಸ್ತುರೂಪದಲ್ಲಿ ಮಾತ್ರ. ಹಿತ್ತಾಳೆ ಕಪ್ಪಿನ ಬದಲು ಒಂದು ಸಿಂಪರಣೆ ಯಂತ್ರ ಕೊಡಲಿ ಎಂದು ನಾವು ಸಂಘಟಕರಿಗೆ ಬರೆಯುವವರಿದ್ದೇವೆ. ಸಮ ಬಂದಾಗ ಕೊನೆಯ 9, ನಂತರ 6, 3, 1 ಕುಳಿಗಳ ಲೆಕ್ಕ ನೋಡಿ ತೀರ್ಮಾನಿಸುವುದು ವಾಡಿಕೆ. ಅದನ್ನೂ ಆಟಕ್ಕೆ ಮೊದಲೇ ಫಲಕಕ್ಕೆ ಹಚ್ಚಿರಬೇಕು.

ದಿನಾಂಕದ ಬಗ್ಗೆಯೂ ಬರೆಯುತ್ತೇವೆ. ಡಿಸೆಂಬರಿನಲ್ಲಿ ಇಟ್ಟರೆ ಕೊನೆ ಇಳಿಸುವುದನ್ನು, ಕಾಫಿ ಕೊಯ್ಯುವುದನ್ನು ಬಿಟ್ಟು ಸಣ್ಣ ಬೆಳೆಗಾರ ಹೋಗಲಾರ. ಕೊಯ್ಲು ಮುಗಿದು ಹೂಮಳೆ ಬೀಳುವ ಮೊದಲಿನ ವಾರಗಳು ಅನುಕೂಲ. ಎಲ್ಲ ಗುಂಪುಗಳೂ ಬೇರೆ ಬೇರೆ ಕುಳಿಗಳಿಂದ ಒಂದೇ ಸಮಯಕ್ಕೆ ಆರಂಭಿಸುವ ಕ್ರಮ ಇಟ್ಟರೆ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಟ್ಟಿಗೆ ಸೇರಬಹುದು, ನಮ್ಮವರು ಸಂಜೆಯ ಗಾಡಿ ಹಿಡಿಯಬಹುದು.

ಹೋಗಲು ಮನಸ್ಸುಳ್ಳ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕು. ಹಿಂದೆ ಆಡಿದ್ದುಂಟೇ, ಹ್ಯಾಂಡಿಕ್ಯಾಪ್ ಇದೆಯೇ, ಸ್ವಂತ ಕೋಲುಗಳಿವೆಯೇ ಎಂಬ ಮೂರು ಸಂಗತಿ ತಿಳಿಸಿದರೆ ಸಾಕು. ನಾಲ್ಕು ಹೆಸರು ಕೂಡಿದ ಕೂಡಲೇ ಒಂದು ತಂಡ ಕಟ್ಟಿ, ಸ್ಕ್ರ್ಯಾಂಬಲ್ ಅಥವಾ ಪಿಯೋರಿಯಾ ಇಡುವುದಾದರೆ ಮಾತ್ರ ಬರುತ್ತೇವೆಂದು ಸಂಘಟಕರಿಗೆ ಪತ್ರ ಹಾಕುತ್ತೇವೆ.