ಪಚ್ಚಿಲೆ ಕೃಷಿ: ಹಗ್ಗಕ್ಕೆ ಅಂಟುವ ಜೀವಿಗಳ ಆಹಾರ ಪೈಪೋಟಿ

ಪುರವರ, ಮಧುಗಿರಿ ಕಡೆಯ ಪರೀಕ್ಷಾ ಅಭ್ಯರ್ಥಿಗಳಿಗೆ ಕಡಲು ದೂರ. ಆದ್ದರಿಂದ ಈ ವಿಷಯವನ್ನು ಬಿಡದೆ ಓದಬೇಕು.

1. ಉದಾಹರಣೆ: ಕಾಸರಗೋಡಿನ ಪಡನ್ನ ಹಿನ್ನೀರು. ಹಸಿರು ಪಚ್ಚಿಲೆ (ಪರ್ನಾ ವಿರಿಡಿಸ್) ಕೃಷಿ 1990ರ ದಶಕದಿಂದ. ಮಹಿಳಾ ಸ್ವಸಹಾಯ ಸಂಘಗಳ ಪಾತ್ರ ದೊಡ್ಡದು. ಮಳೆಗಾಲ ಮುಗಿದ ಮೇಲೆ ಹಗ್ಗಕ್ಕೆ ಮರಿ ಕಟ್ಟಿ, ಮುಂದಿನ ಮಳೆಗೆ ಮುನ್ನ ಕೊಯ್ಲು. ಮಳೆನೀರು ನುಗ್ಗಿ ಉಪ್ಪಿನಂಶ ಕುಸಿದರೆ ಪಚ್ಚಿಲೆ ಸಾಯುತ್ತದೆ.

2. ಪೈಪೋಟಿ ಹೇಗೆ? ಪಚ್ಚಿಲೆಗೆ ಮೇವು ಹಾಕುವುದಿಲ್ಲ. ಅದು ನೀರು ಸೋಸಿ ಸಸ್ಯಪ್ಲವಕ ತಿನ್ನುತ್ತದೆ. ಅದೇ ಹಗ್ಗ, ಚಿಪ್ಪಿಗೆ ಅಂಟುವ ಬಾರ್ನಕಲ್, ಅಸಿಡಿಯನ್‌ಗಳೂ ಸೋಸಿಯೇ ತಿನ್ನುತ್ತವೆ. ಅವು ದಟ್ಟವಾದರೆ ನೀರಿನ ಹರಿವೂ ತಗ್ಗಿ, ಹೊಸ ಆಹಾರ ಒಳಗೆ ತಲುಪದು.

3. ಗೊಂದಲ ಬೇಡ:
• ಪಚ್ಚಿಲೆ – ಮೃದ್ವಂಗಿ
• ಬಾರ್ನಕಲ್ – ಚಿಪ್ಪಿದ್ದರೂ ಸಂಧಿಪದಿ, ಏಡಿ-ಸಿಗಡಿಯ ಬಳಗ
• ಅಸಿಡಿಯನ್ – ಕಶೇರುಕವಲ್ಲ, ಆದರೆ ಕಾರ್ಡೇಟಾ (ಬಹಳ ಮಂದಿ ತಪ್ಪುವುದು ಇಲ್ಲೇ)
• ಪಾಚಿ – ಪ್ಲವಕ ತಿನ್ನದು. ಪಚ್ಚಿಲೆಗೆ ಜಾಗಕ್ಕಷ್ಟೇ ಸ್ಪರ್ಧಿ

4. ಆಕ್ರಮಣಕಾರಿ ಪ್ರಭೇದ: ಅಮೆರಿಕ ಖಂಡಗಳ ಪಚ್ಚಿಲೆ ಮೈಟೆಲ್ಲಾ ಸ್ಟ್ರಿಗಾಟಾ. ಕೇರಳದ ಅಷ್ಟಮುಡಿ ಸರೋವರದಲ್ಲಿ ದಟ್ಟವಾಗಿ ಹರಡಿ ಸ್ಥಳೀಯ ಚಿಪ್ಪುಜೀವಿಗಳನ್ನು ಹಿಂದಿಕ್ಕಿದೆ. ಬೆಸ್ತರ ಜೀವನೋಪಾಯಕ್ಕೇ ಪೆಟ್ಟು ಕೊಡುವ ಈ ಪ್ರಭೇದದ ಹೆಸರನ್ನು ಖಂಡಿತ ನೆನಪಿಡಬೇಕು.

5. ಈ ಕೃಷಿಯ ಸಂಶೋಧನೆ ನಡೆಸುವ ಸಂಸ್ಥೆ: ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಸ್ಥಾಪನೆ 1947, ಕೇಂದ್ರ ಕಚೇರಿ ಕೊಚ್ಚಿ.