ಕಾಫಿ ಸೀಮೆಯ ಗರ್ಭಿಣಿಯರೂ ರಕ್ತಹೀನತೆಯೂ

ಮಾರನಹಳ್ಳಿಯ ಸುತ್ತಣ ತೋಟಗಳಲ್ಲಿ ದುಡಿವ ಗರ್ಭಿಣಿಯರು ಬಿಳಿಚಿಕೊಂಡು, ನಾಲ್ಕು ಹೆಜ್ಜೆ ಏರಿದೊಡನೆ ಏದುಸಿರು ಬಿಡುವುದುಂಟು. ಬಸುರಿಗೆ ಇದು ಸಹಜವೆಂಬ ಹಿರಿಯರ ಮಾತನ್ನು ನಾವು ಒಪ್ಪಲಾರೆವು. ನೆರಳಿನ ಹಸಿಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಕರುಳನ್ನು ಸೇರಿ ರಕ್ತವನ್ನು ಹೀರುವುವು. ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಮಿಗಿಂತ ಕಡಮೆಯಾದರೆ ಗರ್ಭಿಣಿಗೆ ರಕ್ತಹೀನತೆಯೆಂದೇ ಅರ್ಥ. ಅದು ತೀವ್ರವಾದರೆ ಹೆರಿಗೆಯ ಅಲ್ಪ ಸ್ರಾವವೂ ಪ್ರಾಣಕ್ಕೆ ಎರವಾದೀತು.

ನಾಲ್ಕನೆಯ ತಿಂಗಳಿಂದ 180 ದಿನ ನುಂಗಬೇಕಾದ ಕಬ್ಬಿಣಾಂಶದ ಗುಳಿಗೆಯೂ, ಹುಳುವಿನ ಮದ್ದೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಆದರೆ ಗುಳಿಗೆಯನ್ನು ಕಾಫಿಯೊಡನೆ ನುಂಗಿದರೆ ಕಬ್ಬಿಣಾಂಶವು ಸಾಕಷ್ಟು ಮೈಗೆ ಹತ್ತದು. ನಮ್ಮ ಸೀಮೆಗೆ ಈ ಮಾತು ಕಹಿಯೇ ಸರಿ! ನೀರಿನೊಡನೆ ನುಂಗಿ, ಎರಡು ಗಂಟೆ ಕಳೆದು ಕಾಫಿ ಕುಡಿಯಲಿ. ಮಲ ಕಪ್ಪಾಯಿತೆಂದು ಹೆದರಿ ಗುಳಿಗೆ ಬಿಡುವವರೂ ಉಂಟು; ಅದು ಕಬ್ಬಿಣದ ಬಣ್ಣವಷ್ಟೆ. ಬಾಲೆಯರೇ, ರಜೆಗೆ ಊರಿಗೆ ಹೋದಾಗ ನಿಮ್ಮ ಅತ್ತಿಗೆಯರ ಗುಳಿಗೆಗಳು ಮುಗಿಯುತ್ತಿವೆಯೇ, ಗೂಡಿನಲ್ಲೇ ಉಳಿದಿವೆಯೇ ನೋಡಿರಿ.