ಲಕ್ವ ಹೊಡೆದವರಿಗೆ ನಿಧಾನವೇ ಔಷಧ

ಚನ್ನರಾಯಪಟ್ಟಣದ ಕಡೆ ತೆಂಗು ಬೆಳೆಯುವ ನಮಗೆ ಇದು ಗೊತ್ತಿರುವುದೇ. ಬರಕ್ಕೆ ಸೊರಗಿದ ಮರ ಮಳೆ ಬಿದ್ದ ಮಾರನೇ ತಿಂಗಳೇ ಕಾಯಿ ಕಚ್ಚುವುದಿಲ್ಲ. ವರ್ಷ, ಎರಡು ವರ್ಷ ಕಾಯುತ್ತೇವೆ. ಲಕ್ವ ಹೊಡೆದ ಮನುಷ್ಯನ ವಿಷಯದಲ್ಲಿ ಮಾತ್ರ ತಿಂಗಳಿಗೇ ಕೈಚೆಲ್ಲುತ್ತೇವೆ.

ನಮ್ಮಣ್ಣನಿಗೆ ಬಲಗೈ, ಬಲಗಾಲು ಬಿದ್ದುಹೋದಾಗ ಹತ್ತು ನಿಮಿಷದ ವ್ಯಾಯಾಮಕ್ಕೇ ಸುಸ್ತಾಗಿ ಕಣ್ಣು ಮುಚ್ಚುತ್ತಿದ್ದ. "ಇವರಿಂದ ಆಗಲ್ಲ, ಮನೆಗೆ ಕರ್ಕೊಂಡೋಗಿ" ಅಂದುಬಿಟ್ಟರು. ಆದರೆ ಹೆಚ್ಚು ಹೊತ್ತು ತಾಳಲಾರದವನು ಚೇತರಿಸಿಕೊಳ್ಳಲಾರದವನು ಅಂತಲ್ಲ. ಮಿದುಳಿಗೆ ಪೆಟ್ಟು ಬಿದ್ದಾಗ ಆಯಾಸವೂ ಕಾಯಿಲೆಯದೇ ಭಾಗ, ಸೋಮಾರಿತನವಲ್ಲ. ಮೊದಲ ಮೂರು ತಿಂಗಳು ಚೇತರಿಕೆ ಚುರುಕು. ಆಮೇಲೆ ನಿಧಾನ, ಆದರೆ ನಿಂತೇ ಹೋಗುವುದಿಲ್ಲ.

ಐದು ದೇಶಗಳ 2,104 ರೋಗಿಗಳ ಮೇಲೆ ನಡೆದ 'ಅವರ್ಟ್' ಎಂಬ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಲಕ್ವ ಹೊಡೆದ 24 ಗಂಟೆಯೊಳಗೇ ಎಬ್ಬಿಸಿ ಜಾಸ್ತಿ ಓಡಾಡಿಸಿದವರಿಗಿಂತ ಮಾಮೂಲಿ ಆರೈಕೆ ಪಡೆದವರೇ ಮೂರು ತಿಂಗಳಿಗೆ ಮೇಲಿದ್ದರು. ಸ್ವಲ್ಪ ಸ್ವಲ್ಪವೇ, ಆದರೆ ದಿನಕ್ಕೆ ಹಲವು ಸಲ ಏಳುವುದು ಒಳ್ಳೆಯದೆಂದು ಅದೇ ಲೆಕ್ಕದಿಂದ ತೋರಿತು. ಹನಿ ನೀರಾವರಿ ಇದ್ದ ಹಾಗೆ.

ಹಾಗಂತ ಎಲ್ಲ ನಾವೇ ಮಾಡಿಕೊಳ್ತೀವಿ ಅನ್ನಬೇಡಿ. ನಮ್ಮ ದೇಶದ್ದೇ 14 ಆಸ್ಪತ್ರೆಗಳ 1,250 ರೋಗಿಗಳ ಅಧ್ಯಯನ 2017ರಲ್ಲಿ ಬಂತು. ಮನೆಯವರಿಗೆ ಕಲಿಸಿ ಅವರಿಂದಲೇ ವ್ಯಾಯಾಮ ಮಾಡಿಸಿದರೂ ಆರು ತಿಂಗಳಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಫಿಸಿಯೋಥೆರಪಿಯವರು ಆಗಾಗ ನೋಡಿ ವ್ಯಾಯಾಮ ಬದಲಿಸುತ್ತಿರಬೇಕು. ನಾವು ಅವರು ಹೇಳಿದ್ದನ್ನು ಹತ್ತು ಹತ್ತು ನಿಮಿಷದಂತೆ ದಿನಕ್ಕೆ ಐದು ಸಲ ಮಾಡಿಸಿದೆವು: ಮಂಚದ ಅಂಚಿಗೆ ಕೂರುವುದು, ಹಿಡಿದು ನಿಲ್ಲುವುದು, ಲೋಟ ಹಿಡಿಯುವುದು. ಎಬ್ಬಿಸುವಾಗ ಬಿದ್ದ ಕೈ ಹಿಡಿದು ಎಳೆಯಬಾರದು, ಭುಜದ ಕೀಲು ಕೆಡುತ್ತದೆ. ತಾನೇ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇಲ್ಲದಿದ್ದರೆ ಬೆನ್ನು, ಸೊಂಟದಲ್ಲಿ ಹುಣ್ಣಾಗುತ್ತದೆ. ಊಟ, ನೀರು ಕೂರಿಸಿಯೇ ಕೊಡಬೇಕು. ನೀರು ಕುಡಿದರೆ ಕೆಮ್ಮು ಬರುತ್ತಿದ್ದರೆ ಡಾಕ್ಟರಿಗೆ ಹೇಳಿ. ಕೈಕಾಲು ಆಡತೊಡಗಿತು ಅಂತ ಬಿ.ಪಿ. ಮಾತ್ರೆ ನಿಲ್ಲಿಸಬೇಡಿ, ಲಕ್ವ ಮತ್ತೆ ಬರಬಹುದು.

ಕಷ್ಟವಿರುವುದು ಸುಗ್ಗಿಯಲ್ಲಿ. ಅರಕಲಗೂಡಿನ ಕಡೆ ಹೊಗೆಸೊಪ್ಪು ಬೇಯಿಸುವಾಗ ಮನೆಮಂದಿಯೆಲ್ಲ ಬ್ಯಾರನ್ ಮುಂದಿರುತ್ತಾರೆ. ಹೊಳೆನರಸೀಪುರದಲ್ಲಿ ನಾಟಿ, ಹಾಸನದಲ್ಲಿ ಆಲೂಗಡ್ಡೆ ಕೀಳುವುದು, ಎಲ್ಲ ಕಡೆ ಇದೇ ಕತೆ. ಎಲ್ಲ ಭಾರ ಅತ್ತಿಗೆಯ ಮೇಲೆ ಬಿದ್ದರೆ ಎರಡು ತಿಂಗಳಲ್ಲಿ ಅವರೂ ಮಲಗುತ್ತಾರೆ. ನಾವು ಬೆಳಗಿನ ಸರದಿ ಒಬ್ಬರು, ಸಂಜೆಯದು ಒಬ್ಬರು ಅಂತ ಹಂಚಿಕೊಂಡೆವು.

ಗ್ರಾಮ ಪಂಚಾಯ್ತಿಯಲ್ಲಿ ವಿ.ಆರ್.ಡಬ್ಲ್ಯೂ. ಅಂತ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಅಂಗವೈಕಲ್ಯ ಉಳಿದರೆ ಗುರುತಿನ ಚೀಟಿ, ಪಿಂಚಣಿಗೆ ಅರ್ಜಿ ಹಾಕಲು ಅವರನ್ನೇ ಮೊದಲು ಕೇಳಿ.